ಜಾಲತಾಣ ವಿನ್ಯಾಸ ಮತ್ತು ನಿರ್ಮಾಣ: ದಕ್ಷಿಣ ಕನ್ನಡದ ಸಣ್ಣ ಪೇಟೆಗಳ ಹಿನ್ನೆಲೆಯಲ್ಲಿ

ಜಾಲತಾಣ ವಿನ್ಯಾಸವೆಂದರೆ ಒಂದು ಸಂಸ್ಥೆ ಅಥವಾ ವ್ಯಕ್ತಿ ಜನರಿಗೆ ತಿಳಿಸಬೇಕಾದ ವಿಷಯವನ್ನು ಓದಲು, ಹುಡುಕಲು, ಬಳಸಲು ಅನುಕೂಲವಾಗುವಂತೆ ಪರದೆಯ ಮೇಲೆ ಜೋಡಿಸುವ ಕಲೆ. ಆ ಜೋಡಣೆಯನ್ನು ಬ್ರೌಸರ್ ಎಂಬ ತಂತ್ರಾಂಶಕ್ಕೆ ಅರ್ಥವಾಗುವ ಸಂಕೇತಗಳಲ್ಲಿ ಬರೆದು, ಹಗಲಿರುಳೂ ಅಂತರಜಾಲಕ್ಕೆ ತೆರೆದಿರುವ ಸರ್ವರ್ ಎಂಬ ಗಣಕದಲ್ಲಿ ಇರಿಸಿ, ಬಗೆಬಗೆಯ ಫೋನು ಮತ್ತು ಕಂಪ್ಯೂಟರುಗಳಲ್ಲಿ ಸರಿಯಾಗಿ ತೆರೆದುಕೊಳ್ಳುವಂತೆ ಮಾಡುವ ತಾಂತ್ರಿಕ ಕೆಲಸಕ್ಕೆ ಜಾಲತಾಣ ನಿರ್ಮಾಣ ಎಂದು ಹೆಸರು. ಮನೆಯ ನಕ್ಷೆ ಹಾಕುವವರು ಮತ್ತು ಗೋಡೆ ಕಟ್ಟುವವರು ಬೇರೆ ಬೇರೆಯಾಗಿರುವಂತೆ ಇಲ್ಲಿಯೂ ವಿನ್ಯಾಸಕಾರರು ಮತ್ತು ಡೆವಲಪರ್ ಎನಿಸಿಕೊಳ್ಳುವ ತಾಣ ಕಟ್ಟುವವರು ಬೇರೆಯಾಗಿರುವುದುಂಟು. ಸಣ್ಣ ಪೇಟೆಗಳಲ್ಲಿ ಎರಡೂ ಕೆಲಸಗಳು ಒಬ್ಬರ ಮೇಜಿನ ಮೇಲೆಯೇ ನಡೆಯುತ್ತವೆ.

ಗ್ರಾಹಕರ ಪರವಾಗಿ ಲಾಂಛನ, ಜಾಹೀರಾತು, ಛಾಯಾಚಿತ್ರ, ವಿಡಿಯೋ, ಮುದ್ರಿತ ಪತ್ರಗಳು ಮತ್ತು ಜಾಲತಾಣಗಳನ್ನು ಒಂದೇ ಕಡೆ ರೂಪಿಸಿಕೊಡುವ ಸಂಸ್ಥೆಯನ್ನು ಕ್ರಿಯೇಟಿವ್ ಏಜೆನ್ಸಿ ಎನ್ನುತ್ತಾರೆ. ಇಂಥ ಏಜೆನ್ಸಿಯು ತನ್ನ ಗ್ರಾಹಕರಿಗಾಗಿ ಕಟ್ಟುವ ತಾಣಗಳ ಜೊತೆಗೆ ತನ್ನದೇ ಒಂದು ತಾಣವನ್ನೂ ಕಟ್ಟಿಕೊಳ್ಳಬೇಕಾಗುತ್ತದೆ. ಆ ತಾಣವೇ ಅದರ ಅಂಗಡಿಯ ಮುಂಭಾಗವಾಗಿರುವುದರಿಂದ ಅಲಂಕಾರದ ಕಡೆಗೆ ಹೆಚ್ಚು ವಾಲುವ ಅಪಾಯವಿದೆ. ಹಿಂದೆ ಮಾಡಿದ ಕೆಲಸಗಳ ಚಿತ್ರಗಳನ್ನು ಸಾಲಾಗಿ ಇಡುವುದಕ್ಕಿಂತ, ಗ್ರಾಹಕರಿಗೆ ಏನು ಬೇಕಾಗಿತ್ತು, ಅದನ್ನು ಹೇಗೆ ಪೂರೈಸಲಾಯಿತು ಎಂದು ಎರಡು ಪ್ಯಾರಾಗಳಲ್ಲಿ ಬರೆದಿಟ್ಟರೆ ಹೊಸದಾಗಿ ಬರುವವರಿಗೆ ಹೆಚ್ಚು ಉಪಯೋಗವಾಗುತ್ತದೆ.

ಬಂಟ್ವಾಳ ತಾಲ್ಲೂಕಿನ ವಾಮದಪದವು, ಅದರ ಆಸುಪಾಸಿನ ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶಗಳು ಈ ಕಸುಬನ್ನು ಹತ್ತಿರದಿಂದ ನೋಡಲು ತಕ್ಕ ಸ್ಥಳಗಳಾಗಿವೆ. ಪದವು ಎಂದರೆ ತುಳುವಿನಲ್ಲಿ ಗುಡ್ಡದ ನೆತ್ತಿಯ ಸಮತಟ್ಟಾದ ಮುರಕಲ್ಲಿನ ಬಯಲು. ಇಂಥ ಪದವುಗಳ ನಡುವಿನ ತಗ್ಗುಗಳಲ್ಲಿ ಅಡಿಕೆ ತೋಟಗಳೂ ಗದ್ದೆಗಳೂ ಹರಡಿಕೊಂಡಿರುವ ಈ ಸೀಮೆಯಲ್ಲಿ ದೇವಸ್ಥಾನ, ಬಸದಿ, ಚರ್ಚು, ಮಸೀದಿ, ಶಾಲಾ ಕಾಲೇಜು, ಸಹಕಾರಿ ಸಂಘ, ಯಕ್ಷಗಾನ ಮೇಳ, ಕಂಬಳ ಸಮಿತಿ, ಸಭಾಭವನ, ಅಡಿಕೆ ವ್ಯಾಪಾರದ ಮಂಡಿ, ಅಡುಗೆ ಗುತ್ತಿಗೆದಾರರು ಇವರೇ ತಾಣ ಬೇಕೆಂದು ಬರುವ ಗ್ರಾಹಕರು. ಇವರ ಓದುಗರಲ್ಲಿ ಬಹಳಷ್ಟು ಮಂದಿ ಊರಿನಲ್ಲಿಲ್ಲ. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುತ್ತಾ, ಊರಿನ ಜಾತ್ರೆಯ ದಿನ ಯಾವುದು, ಸೇವೆಗೆ ಎಷ್ಟು, ಮೇಳದ ಆಟ ಇಂದು ಎಲ್ಲಿ ಎಂದು ಫೋನಿನಲ್ಲಿ ನೋಡುವವರು. ಆದ್ದರಿಂದ ಸಣ್ಣ ಊರಿನ ತಾಣಕ್ಕೆ ಊರಿನಾಚೆಯ ಓದುಗರೇ ಮುಖ್ಯರು ಎಂಬ ವಿಶೇಷ ಸನ್ನಿವೇಶ ಇಲ್ಲಿ ಉಂಟಾಗಿದೆ.

ಅಚ್ಚಿನಿಂದ ಪರದೆಗೆ

ಜಾಲವ್ಯವಸ್ಥೆಯ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ಸರ್ನ್ ಸಂಶೋಧನಾಲಯದಲ್ಲಿ ಮುಂದಿಟ್ಟರು. 1991ರಲ್ಲಿ ಮೊದಲ ತಾಣ ಹೊರಜಗತ್ತಿಗೆ ತೆರೆದುಕೊಂಡಿತು. ಪುಟದ ಹೂರಣವನ್ನು ಗುರುತಿಸುವ ಎಚ್‌ಟಿಎಂಎಲ್, ಅದರ ಬಣ್ಣ ಅಳತೆಗಳನ್ನು ಹೇಳುವ ಸಿಎಸ್‌ಎಸ್, ಪುಟಕ್ಕೆ ಚಲನೆ ಮತ್ತು ಲೆಕ್ಕಾಚಾರವನ್ನು ತರುವ ಜಾವಾಸ್ಕ್ರಿಪ್ಟ್ ಈ ಮೂರೂ 1996ರ ಕೊನೆಯ ಹೊತ್ತಿಗೆ ಬಳಕೆಗೆ ಬಂದಿದ್ದವು, ಮತ್ತು ಇಂದಿಗೂ ಎಲ್ಲ ತಾಣಗಳ ತಳಹದಿ ಇವೇ. ಭಾರತದಲ್ಲಿ ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆಯಾದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕ ನೀಡತೊಡಗಿತು. ಮರುವರ್ಷವೇ, ಅಂದರೆ 1996ರಲ್ಲಿ, ಯು. ಬಿ. ಪವನಜ ಅವರು ಕನ್ನಡದ ಮೊದಲ ಅಂತರಜಾಲ ಪತ್ರಿಕೆಯಾದ ವಿಶ್ವಕನ್ನಡವನ್ನು ಆರಂಭಿಸಿದರು. ಕರಾವಳಿಯಲ್ಲಿ ಅದೇ ವರ್ಷ ರೋಹಿತ್ ಭಟ್ ಅವರು ಉಡುಪಿಯಲ್ಲಿ ಸ್ಥಾಪಿಸಿದ ರೋಬೋಸಾಫ್ಟ್ ಟೆಕ್ನಾಲಜೀಸ್, ದೊಡ್ಡ ನಗರಕ್ಕೆ ಹೋಗದೆಯೇ ಜಗತ್ತಿನ ಗ್ರಾಹಕರಿಗೆ ತಂತ್ರಾಂಶವನ್ನೂ ವಿನ್ಯಾಸವನ್ನೂ ಮಾಡಿಕೊಡಬಹುದೆಂದು ತೋರಿಸಿತು. 2021ರಲ್ಲಿ ಅದನ್ನು ಜಪಾನಿನ ಟೆಕ್ನೋಪ್ರೋ ಹೋಲ್ಡಿಂಗ್ಸ್ ಕೊಂಡುಕೊಂಡಿತು. ಮಂಗಳೂರಿನಲ್ಲಿ ವಾಲ್ಟರ್ ನಂದಳಿಕೆಯವರು 2001ರಲ್ಲಿ ಆರಂಭಿಸಿದ ದಾಯ್ಜಿವರ್ಲ್ಡ್ ಸುದ್ದಿತಾಣವು ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಕರಾವಳಿಯವರಿಗೆ ಊರಿನ ಸುದ್ದಿಯನ್ನು ಅಂದಂದೇ ಮುಟ್ಟಿಸಿ, ಜಾಲತಾಣವೆಂದರೆ ಏನೆಂದು ಸಾಮಾನ್ಯ ಮನೆಗಳಿಗೆ ಪರಿಚಯಿಸಿತು.

ಸಣ್ಣ ಪೇಟೆಗಳ ತಾಣ ವಿನ್ಯಾಸಕಾರರಲ್ಲಿ ಅನೇಕರ ಮೂಲ ಮಾತ್ರ ತಂತ್ರಾಂಶದಲ್ಲಿಲ್ಲ, ಅಚ್ಚಿನ ಕೆಲಸದಲ್ಲಿದೆ. ಪ್ರೆಸ್ಸುಗಳ ಪಕ್ಕದಲ್ಲಿ ಬೆಳೆದ, ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ಡಿಟಿಪಿ ಅಂಗಡಿಗಳು ಮದುವೆಯ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ರಶೀದಿ ಪುಸ್ತಕ, ಸ್ಮರಣ ಸಂಚಿಕೆಗಳನ್ನು ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾಗಳಲ್ಲಿ ಜೋಡಿಸುತ್ತಿದ್ದವು. ಆಮೇಲೆ ಫ್ಲೆಕ್ಸ್ ಬಂತು, ಅದರ ಬೆನ್ನಿಗೆ ವಾಟ್ಸ್ಆ್ಯಪ್‌ನಲ್ಲಿ ಹಂಚುವ ಪೋಸ್ಟರ್ ಬಂತು, ಅದೇ ಗ್ರಾಹಕರು ಒಂದು ದಿನ ವೆಬ್‌ಸೈಟನ್ನೂ ಕೇಳಿದರು. ಹೀಗೆ ಅಚ್ಚಿನ ಕಣ್ಣು, ಅಂದರೆ ಒಂದು ಹಾಳೆಯ ಅಳತೆ ಗೊತ್ತಿದ್ದು ಅದರೊಳಗೆ ಎಲ್ಲವನ್ನೂ ಕೂರಿಸುವ ಅಭ್ಯಾಸ, ಈ ಕಸುಬಿಗೆ ಬಳುವಳಿಯಾಗಿ ಬಂದಿದೆ. ಬಣ್ಣದ ಹದ, ಅಂಚು ಬಿಡುವ ಕ್ರಮ, ಹೆಸರುಗಳನ್ನು ಹಿರಿತನಕ್ಕೆ ತಕ್ಕಂತೆ ಸಾಲುಗೊಳಿಸುವ ಸೂಕ್ಷ್ಮ ಇವೆಲ್ಲ ಅದರ ಲಾಭಗಳು. ಅದರ ನಷ್ಟವೇ ಈ ಲೇಖನದ ಮುಖ್ಯ ವಿಷಯ: ಹಾಳೆಯ ಮೇಲೆ ಅಕ್ಷರ ಕಣ್ಣಿಗೆ ಕಂಡರೆ ಸಾಕು, ಪರದೆಯ ಮೇಲೆ ಅಕ್ಷರವನ್ನು ಯಂತ್ರವೂ ಅಕ್ಷರವೆಂದೇ ಗುರುತಿಸಬೇಕು.

ಕನ್ನಡ ಅಕ್ಷರವು ಗಣಕದೊಳಗೆ

ಡಿಟಿಪಿ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಇವನ್ನು ಕಸುಬಿನವರು ಆಸ್ಕಿ ಫಾಂಟುಗಳೆನ್ನುತ್ತಾರೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮೊದಲು ಇಂಗ್ಲಿಷಿನ ಪಿ, ಅದರ ಬಳಿಕ ತಲೆಯ ಮೇಲೆ ಗೆರೆಯಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಕೊನೆಯ ಕಡೆಗೆ ಒಂದು ಕ್ಯೂ ಹೀಗೆ ತಲೆಬುಡವಿಲ್ಲದ ಸಾಲು ಕಾಣಿಸುತ್ತದೆ. ಇದರ ಕಾರಣ ಸರಳವಾದುದು: ಅಲ್ಲಿ ದಾಖಲಾಗಿರುವುದು ಕ, ನ್ನ, ಡ ಎಂಬ ಅಕ್ಷರಗಳಲ್ಲ, ಕಕಾರದ ಒಡಲು, ತಲೆಕಟ್ಟು, ನಕಾರದ ಒಡಲು, ನಕಾರದ ಒತ್ತು ಎಂಬ ತುಣುಕುಗಳು. ಸೀಸದ ಮೊಳೆಗಳ ಕಾಲದಲ್ಲಿ ಕಂಪೋಸಿಂಗ್ ಮಾಡುವವರು ಪೆಟ್ಟಿಗೆಯಿಂದ ಬಿಡಿ ತುಣುಕುಗಳನ್ನು ಎತ್ತಿ ಜೋಡಿಸುತ್ತಿದ್ದ ಕ್ರಮವೇ ಗಣಕದೊಳಗೂ ಮುಂದುವರಿದಿತ್ತು. ಕಾಗದದ ಮೇಲೆ ಇದರಿಂದ ಯಾವ ತೊಂದರೆಯೂ ಇಲ್ಲ. ತಾಣಗಳಲ್ಲಿ ಮಾತ್ರ, ಮೊದಲ ವರ್ಷಗಳ ಅನೇಕ ಕನ್ನಡ ಪುಟಗಳು ಓದುಗರಿಗೆ ‘ಮೊದಲು ನಮ್ಮ ಫಾಂಟನ್ನು ಇಳಿಸಿಕೊಳ್ಳಿ’ ಎಂದು ಹೇಳಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಯುನಿಕೋಡ್ ಎಂಬ ಜಾಗತಿಕ ಶಿಷ್ಟತೆಯು ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ನಿಗದಿಮಾಡುತ್ತದೆ. ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ಇಲ್ಲಿ ದಾಖಲಾಗುವುದು ಆಕಾರವಲ್ಲ, ಅಕ್ಷರದ ಗುರುತು. ‘ವಾಮದಪದವು’ ಎಂಬ ಊರಿನ ಹೆಸರನ್ನೇ ತೆಗೆದುಕೊಂಡರೆ, ಓದುವವರಿಗೆ ಅದು ಆರು ಅಕ್ಷರ. ಯುನಿಕೋಡಿನಲ್ಲಿ ವ, ಆಕಾರದ ದೀರ್ಘ, ಮ, ದ, ಪ, ದ, ವ, ಉಕಾರದ ಕೊಂಬು ಎಂದು ಎಂಟು ಸಂಕೇತಗಳು. ತಾಣಗಳಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 24 ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರವು ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳ ಸಾಲು. ಈ ಸಾಲನ್ನು ಓದಿ, ಒತ್ತುಗಳನ್ನು ಕೆಳಗೆ ಕೂರಿಸಿ, ಸರಿಯಾದ ಆಕಾರವನ್ನು ಮೂಡಿಸುವುದು ಬ್ರೌಸರಿನೊಳಗಿನ ಆಕಾರಜೋಡಣೆಯ ತಂತ್ರಾಂಶ ಮತ್ತು ಓಪನ್‌ಟೈಪ್ ಫಾಂಟಿನ ಜಂಟಿ ಕೆಲಸ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಕನ್ನಡ ಫಾಂಟಿನೊಡನೆ ಬಂದದ್ದು ಮತ್ತು ಆಂಡ್ರಾಯ್ಡ್‌ನ 4.1ನೆಯ ಆವೃತ್ತಿ 2012ರಲ್ಲಿ ಕನ್ನಡವನ್ನು ತೋರಿಸತೊಡಗಿದ್ದು ಈ ಚರಿತ್ರೆಯ ಎರಡು ದೊಡ್ಡ ತಿರುವುಗಳು. ಎರಡನೆಯದಾದ ಮೇಲೆಯೇ ಹಳ್ಳಿಯ ಫೋನಿನಲ್ಲಿ ಕನ್ನಡ ತಾಣ ನೆಟ್ಟಗೆ ತೆರೆದುಕೊಂಡಿತು.

ಕನ್ನಡವನ್ನು ಗಣಕಕ್ಕೆ ಊಡಿಸುವ ಕೀಲಿಮಣೆಯ ಚರಿತ್ರೆಗೆ ಈ ಜಿಲ್ಲೆಯ ನಂಟು ಹತ್ತಿರದ್ದು. ಇಂದು ಕರ್ನಾಟಕದಲ್ಲಿ ಶಿಷ್ಟವೆನಿಸಿದ ವಿನ್ಯಾಸವನ್ನು ರೂಪಿಸಿದವರು ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್, ಕನ್ನಡ ಗಣಕ ಪರಿಷತ್ತು ಅದನ್ನೇ ನುಡಿ ತಂತ್ರಾಂಶದಲ್ಲಿ ಅಳವಡಿಸಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ 1998ರಲ್ಲಿ ಬಂದು, ಮನೆಮನೆಯ ಕಂಪ್ಯೂಟರುಗಳಲ್ಲಿ ಕನ್ನಡ ಬರೆಯುವ ರೂಢಿಯನ್ನು ಬೆಳೆಸಿತು.

ಯುನಿಕೋಡಿನಲ್ಲಿ ಬರೆದ ಮಾತ್ರಕ್ಕೆ ವಿನ್ಯಾಸದ ಹೊಣೆ ಮುಗಿಯುವುದಿಲ್ಲ. ಇಂಗ್ಲಿಷಿಗಾಗಿ ರೂಪುಗೊಂಡ ಸಿದ್ಧ ಮಾದರಿಗಳಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆ ಇರುತ್ತದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೂ ಗುಣಿತದ ಗುಡಿಸುಗಳು ಮೇಲಕ್ಕೂ ಚಾಚುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರದ ಅಳತೆಯ ಒಂದೂಮುಕ್ಕಾಲು ಪಟ್ಟಿನಷ್ಟು ಅಂತರ ಕೊಟ್ಟರೆ ಓದು ಹಗುರಾಗುತ್ತದೆ. ಇಂಗ್ಲಿಷಿನಲ್ಲಿ ಶೀರ್ಷಿಕೆಯನ್ನು ಎದ್ದುಕಾಣಿಸಲು ದೊಡ್ಡಕ್ಷರಗಳನ್ನೂ ಓರೆ ಅಕ್ಷರಗಳನ್ನೂ ಬಳಸುತ್ತಾರೆ. ಕನ್ನಡದಲ್ಲಿ ಮೊದಲನೆಯದು ಇಲ್ಲ, ಎರಡನೆಯದು ಒಗ್ಗುವುದಿಲ್ಲ, ಆದ್ದರಿಂದ ಅಕ್ಷರದ ದಪ್ಪ, ಗಾತ್ರ ಮತ್ತು ಬಣ್ಣಗಳ ಮೇಲೆಯೇ ಮೇಲುಕೀಳುಗಳನ್ನು ತೋರಿಸಬೇಕು. ಅಕ್ಷರಗಳ ನಡುವೆ ಕೃತಕವಾಗಿ ಜಾಗ ಬಿಡುವ ಇಂಗ್ಲಿಷ್ ಶೈಲಿಯನ್ನು ಕನ್ನಡಕ್ಕೆ ಹೇರಿದರೆ ಒಡಲಿಗೂ ಗುಣಿತಕ್ಕೂ ನಂಟು ಕಡಿದಂತೆ ಕಾಣುತ್ತದೆ. ‘ನೋಂದಾಯಿಸಿಕೊಳ್ಳಿ’ ಎಂಬಂಥ ಉದ್ದದ ಕ್ರಿಯಾಪದಗಳು ಸಣ್ಣ ಗುಂಡಿಯೊಳಗೆ ಹಿಡಿಸದೆ ಒಡೆದುಹೋಗುತ್ತವೆ. ಅಲ್ಲಿ ‘ಹೆಸರು ಕೊಡಿ’ ಎಂದರೆ ಜಾಗವೂ ಉಳಿಯುತ್ತದೆ, ಮಾತೂ ನೇರವಾಗುತ್ತದೆ.

ಅನ್ಯಭಾಷೆಯ ಪದಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಬೇರೆಯಾಗಿ ನಿಲ್ಲಬೇಕಾದರೆ ಅವುಗಳ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಸಂಕೇತವೊಂದನ್ನು ಇರಿಸಬೇಕು. ಅದಿಲ್ಲದಿದ್ದರೆ ಕಕಾರವು ಜಕಾರದ ಕೆಳಗೆ ಒತ್ತಾಗಿ ಇಳಿದು ‘ರಾಜ್ಕುಮಾರ್’ ಎಂದಾಗುತ್ತದೆ. ತಾಣದ ಹುಡುಕುಪಟ್ಟಿಯನ್ನು ಕಟ್ಟುವವರು ಈ ಕಾಣದ ಸಂಕೇತವನ್ನು ಲೆಕ್ಕಕ್ಕೆ ಹಿಡಿಯದಂತೆ ಏರ್ಪಾಡು ಮಾಡದಿದ್ದರೆ, ಒಂದು ರೀತಿಯಲ್ಲಿ ಬರೆದ ಹೆಸರು ಇನ್ನೊಂದು ರೀತಿಯಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ.

ಫಾಂಟುಗಳ ಬರವು ಹಿಂದಿನಷ್ಟಿಲ್ಲ. ಗೂಗಲ್‌ನ ನೋಟೋ ಸಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡ, ಏಕ್ ಟೈಪ್ ತಂಡದ ಬಲೂ ತಮ್ಮ ಮತ್ತು ಅನೇಕ್ ಕನ್ನಡ, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಅವರ ಅಕಾಯ ಕನ್ನಡಕ, ಅರವಿಂದ ವಿ. ಕೆ. ಅವರ ಗುಬ್ಬಿ ಮತ್ತು ನವಿಲು ಮೊದಲಾದ ಮುಕ್ತ ಫಾಂಟುಗಳನ್ನು ಯಾರು ಬೇಕಾದರೂ ತಮ್ಮ ತಾಣದಲ್ಲಿ ಬಳಸಬಹುದು. ಒತ್ತು ಮತ್ತು ಗುಣಿತಗಳ ಕಾರಣ ಕನ್ನಡ ಫಾಂಟಿನಲ್ಲಿ ನೂರಾರು ಆಕಾರಗಳಿದ್ದು ಕಡತವು ಭಾರವಾಗುವುದರಿಂದ, ಒಂದು ತಾಣಕ್ಕೆ ಎರಡಕ್ಕಿಂತ ಹೆಚ್ಚು ಕನ್ನಡ ಫಾಂಟುಗಳನ್ನು ತುಂಬುವುದು ಸರಿಯಲ್ಲ.

ಚಿತ್ರವಾಗಿ ಹೋದ ಬರಹ

ಕರಾವಳಿಯ ಸಣ್ಣ ತಾಣಗಳ ಅತಿ ದೊಡ್ಡ ಕೊರತೆ, ಬರಹವನ್ನು ಚಿತ್ರವಾಗಿ ಏರಿಸುವುದು. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಆಮಂತ್ರಣ ಸಿದ್ಧವಾಗುತ್ತದೆ. ಕೋರೆಲ್‌ಡ್ರಾನಲ್ಲಿ ಆಸ್ಕಿ ಫಾಂಟಿನಿಂದ ಜೋಡಿಸಿದ ಹಾಳೆಯು ಅಚ್ಚಿಗೆ ಹೋಗುತ್ತದೆ. ಅದರದೇ ಜೆಪೆಗ್ ಚಿತ್ರವನ್ನು ತಾಣದ ಮೊದಲ ಪುಟಕ್ಕೆ ಹಾಕಲಾಗುತ್ತದೆ. ನೋಡುವವರಿಗೆ ಎಲ್ಲವೂ ಇದೆ: ದಿನ, ಮುಹೂರ್ತ, ತಂತ್ರಿಗಳ ಹೆಸರು, ಹೊರೆಕಾಣಿಕೆ ಹೊರಡುವ ಸ್ಥಳ, ಅನ್ನಸಂತರ್ಪಣೆಯ ಹೊತ್ತು. ಆದರೆ ಫೋನಿನ ಅಗಲಕ್ಕೆ ಕುಗ್ಗಿದಾಗ ಅಕ್ಷರಗಳು ಸಾಸಿವೆಯಾಗುತ್ತವೆ; ಬೆರಳಿನಿಂದ ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯಿಂದಾಚೆಗೆ ಹೋಗುತ್ತದೆ; ದಿನಾಂಕವನ್ನು ನಕಲಿಸಿ ಇನ್ನೊಬ್ಬರಿಗೆ ಕಳಿಸಲು ಬರುವುದಿಲ್ಲ; ದಾರಿ ತೋರಿಸುವ ನಕ್ಷೆಗೆ ಕೊಂಡಿಯಿಲ್ಲ; ಹುಡುಕುಯಂತ್ರದ ಪಾಲಿಗೆ ಆ ಪುಟ ಬಹುಮಟ್ಟಿಗೆ ಖಾಲಿ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶವು ಕನ್ನಡ ಯುನಿಕೋಡ್ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಈ ಚಿತ್ರದ ಮುಂದೆ ಮೌನವಾಗುತ್ತದೆ. ಊರಿನ ದೇವಸ್ಥಾನದ ಆಮಂತ್ರಣ ಊರಿನ ಒಬ್ಬರಿಗಾದರೂ ಹೀಗೆ ಮುಟ್ಟದೆ ಹೋಗುವುದು ಸಣ್ಣ ಲೋಪವೆಂದು ಭಾವಿಸಬಾರದು.

ಇದಕ್ಕೆ ಹೋಲುವ ಘಟ್ಟವೊಂದು ಮಂಗಳೂರಿನ ಮುದ್ರಣ ಚರಿತ್ರೆಯಲ್ಲಿಯೂ ಇದೆ. ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದ ಮಂಗಳೂರ ಸಮಾಚಾರ ಎಂಬ ಮೊದಲ ಕನ್ನಡ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಿತವಾಗಿತ್ತು. ಕಲ್ಲಚ್ಚಿನಲ್ಲಿ ಕೈಬರಹದ ಇಡೀ ಪುಟವೇ ಒಂದು ಚಿತ್ರ. ಒಂದು ಅಕ್ಷರ ತಪ್ಪಿದರೆ ಅದನ್ನಷ್ಟೇ ತೆಗೆದು ಇನ್ನೊಂದನ್ನು ಇಡಲು ಆಗದು. ಮೊಳೆಗಳು ಬಂದ ಮೇಲೆ ಅಕ್ಷರವು ಬಿಡಿಯಾಯಿತು, ತಿದ್ದಲು ಸಿಕ್ಕಿತು, ಮತ್ತೆ ಮತ್ತೆ ಬಳಕೆಗೆ ಒದಗಿತು. ಆಮಂತ್ರಣದ ಚಿತ್ರವನ್ನು ತಾಣಕ್ಕೆ ಏರಿಸುವುದು ಯುನಿಕೋಡಿನ ಕಾಲದಲ್ಲಿ ಕಲ್ಲಚ್ಚಿಗೆ ಹಿಂದಿರುಗಿದಂತೆ. ಪರಿಹಾರ ಕಷ್ಟದ್ದಲ್ಲ: ಚಿತ್ರ ಇರಲಿ, ಅದರ ಕೆಳಗೆ ಅದೇ ವಿವರ ಬರಹವಾಗಿಯೂ ಇರಲಿ, ಮತ್ತು ಚಿತ್ರಕ್ಕೆ ಬದಲಿ ಪಠ್ಯವೆಂಬ ಒಂದು ಸಾಲಿನ ವಿವರಣೆಯನ್ನು ಸೇರಿಸಲಿ.

ಅಡಿಕೆ ದರದ ಪುಟವು ಇದೇ ಮಾತಿಗೆ ಇನ್ನೊಂದು ನಿದರ್ಶನ. ಹೊಸ ಅಡಿಕೆ, ಹಳೆ ಅಡಿಕೆ, ಡಬ್ಬಲ್ ಚೋಲ್, ಪಟೋರ, ಉಳ್ಳಿ, ಕೋಕ ಎಂಬ ವರ್ಗಗಳೂ ಅವುಗಳ ಎದುರಿಗೆ ಕಿಲೋ ಒಂದರ ಬೆಲೆಯೂ ಇರುವ ಪಟ್ಟಿಯನ್ನು ಎಚ್‌ಟಿಎಂಎಲ್ ಕೋಷ್ಟಕವಾಗಿ ಬರೆದರೆ, ಅಂಕಿಗಳನ್ನು ದಿನವೂ ಬದಲಿಸುವುದು ಒಂದು ನಿಮಿಷದ ಕೆಲಸ. ತೋಟದ ನಡುವೆ ಸಿಗ್ನಲ್ ಕ್ಷೀಣವಾಗಿರುವಲ್ಲಿಯೂ ಅದು ತೆರೆದುಕೊಳ್ಳುತ್ತದೆ. ಹಿಂದಿನ ತಿಂಗಳ ದರದೊಡನೆ ಹೋಲಿಸಿ ನೋಡಲೂ ಬರುತ್ತದೆ. ಮಂಡಿಯ ತಾಣಕ್ಕೆ ಬರುವ ಬೆಳೆಗಾರರು ಮೊದಲು ಕೇಳುವುದು ಇಂದಿನ ದರವನ್ನು. ಅದನ್ನು ಕೆಳಗೆ ತಳ್ಳಿ, ಮೇಲೆ ಅಡಿಕೆ ಮರದ ಐದು ಚಿತ್ರಗಳು ಸರದಿಯಂತೆ ಜಾರುವ ಪಟ್ಟಿಯನ್ನು ಇಟ್ಟ ವಿನ್ಯಾಸವು ಎಷ್ಟೇ ಚೆಲುವಾಗಿದ್ದರೂ ಕೆಟ್ಟ ವಿನ್ಯಾಸವೇ.

ಕೆಲಸ ಸಾಗುವ ಬಗೆ

ಏಜೆನ್ಸಿಯ ಕೆಲಸವು ಗ್ರಾಹಕರೊಡನೆ ಕುಳಿತು ತಾಣ ಯಾರಿಗಾಗಿ, ಅವರು ಬಂದು ಏನು ಮಾಡಬೇಕು ಎಂದು ನಿಶ್ಚಯಿಸುವುದರಿಂದ ಆರಂಭವಾಗುತ್ತದೆ. ಬಳಿಕ ಪುಟಗಳ ಪಟ್ಟಿ, ಅದರ ಮೇಲೆ ವೈರ್‌ಫ್ರೇಮ್ ಎಂಬ ಬಣ್ಣವಿಲ್ಲದ ಗೆರೆನಕ್ಷೆ, ಅನಂತರ ಫಿಗ್ಮಾದಂಥ ತಂತ್ರಾಂಶದಲ್ಲಿ ಬಣ್ಣದ ಮಾದರಿ, ಗ್ರಾಹಕರು ಒಪ್ಪಿದ ಮೇಲೆ ಸಂಕೇತ ಬರೆಯುವುದು, ಪರೀಕ್ಷಿಸುವುದು, ಬಿಡುಗಡೆ ಮಾಡುವುದು ಹೀಗೆ ಕ್ರಮ ಸಾಗುತ್ತದೆ. ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ತಡವಾಗುವುದು ಸಂಕೇತ ಬರೆಯುವಲ್ಲಿ ಅಲ್ಲ, ಗ್ರಾಹಕರಿಂದ ಬರಹ ಮತ್ತು ಚಿತ್ರ ಬರುವಲ್ಲಿ. ಸಮಿತಿಯ ಸಭೆ ಆಗಬೇಕು, ಕಾರ್ಯದರ್ಶಿಗಳು ಕಡತ ಹುಡುಕಬೇಕು, ಸ್ಥಳಪುರಾಣವನ್ನು ಹಿರಿಯರೊಬ್ಬರು ಹೇಳಬೇಕು. ಈ ಕಾರಣಕ್ಕೆ ಬರಹವನ್ನು ತಾನೇ ಹೋಗಿ ಕೇಳಿ ಬರೆದುಕೊಳ್ಳುವ ಏಜೆನ್ಸಿಯ ಕೆಲಸ ಬೇಗ ಮುಗಿಯುತ್ತದೆ ಮತ್ತು ಚೆನ್ನಾಗಿಯೂ ಇರುತ್ತದೆ. ನಕಲಿ ಲ್ಯಾಟಿನ್ ಸಾಲುಗಳನ್ನು ತುಂಬಿದ ಮಾದರಿಯನ್ನು ತೋರಿಸಿ ಒಪ್ಪಿಗೆ ಪಡೆದರೆ, ಕನ್ನಡದ ಉದ್ದದ ಪದಗಳು ಬಂದು ಕೂತ ದಿನ ಇಡೀ ಜೋಡಣೆ ಕದಲುತ್ತದೆ.

ಗ್ರಾಹಕರೇ ಪುಟಗಳನ್ನು ತಿದ್ದಿಕೊಳ್ಳಲು ಅನುಕೂಲ ಮಾಡಿಕೊಡುವ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಇವುಗಳಲ್ಲಿ ಎಲ್ಲಕ್ಕಿಂತ ವ್ಯಾಪಕ. ಜಗತ್ತಿನ ತಾಣಗಳಲ್ಲಿ ಐದರಲ್ಲಿ ಎರಡು ಅದರ ಮೇಲೆಯೇ ನಿಂತಿವೆ. ಅದು ಉಚಿತ ಮತ್ತು ಮುಕ್ತ. ಅದಕ್ಕೆ ಜೋಡಿಸುವ ಪ್ಲಗಿನ್ ಎಂಬ ಉಪಾಂಗಗಳನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಕಳ್ಳರಿಗೆ ಹಿಂಬಾಗಿಲು ತೆರೆದಿಟ್ಟಂತಾಗುತ್ತದೆ. ವರ್ಷಕ್ಕೊಮ್ಮೆ ಮಾತ್ರ ಬದಲಾಗುವ ಐದಾರು ಪುಟಗಳ ತಾಣಕ್ಕೆ ವರ್ಡ್‌ಪ್ರೆಸ್ಸಿನ ಅಗತ್ಯವೇ ಇಲ್ಲ. ಸರಳ ಎಚ್‌ಟಿಎಂಎಲ್ ಕಡತಗಳೇ ಸಾಕು, ಅವು ಹತ್ತು ವರ್ಷ ಯಾರೂ ಮುಟ್ಟದಿದ್ದರೂ ಕೆಡುವುದಿಲ್ಲ.

ಒಂದೇ ಪುಟವು ಪರದೆಯ ಅಗಲಕ್ಕೆ ತಕ್ಕಂತೆ ತನ್ನ ಜೋಡಣೆಯನ್ನು ಬದಲಿಸಿಕೊಳ್ಳುವ ವಿಧಾನಕ್ಕೆ ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವಿನ್ಯಾಸವೆಂದು ಹೆಸರಿಟ್ಟರು. ಫೋನೇ ಮೊದಲ ಪರದೆಯಾಗಿರುವ ಈ ಪ್ರದೇಶದಲ್ಲಿ ಮಾದರಿಯನ್ನೂ ಮೊದಲು ಫೋನಿನ ಅಗಲದಲ್ಲಿ ಬರೆಯುವುದು ವಿವೇಕ. ಫೋನಿನ ಕ್ಯಾಮರಾದಿಂದ ಬಂದ ನಾಲ್ಕೈದು ಎಂಬಿಯ ಚಿತ್ರವನ್ನು ಹಾಗೆಯೇ ಏರಿಸದೆ, ಅಗಲವನ್ನು ತಗ್ಗಿಸಿ ವೆಬ್‌ಪಿಯಂಥ ಹಗುರ ರೂಪಕ್ಕೆ ತಂದರೆ ಅದು ಇನ್ನೂರು ಕೆಬಿಯೊಳಗೆ ಕೂರುತ್ತದೆ. ಏಜೆನ್ಸಿಯ ಕಚೇರಿಯ ವೈಫೈನಲ್ಲಿ ಮಾಡುವ ಪರೀಕ್ಷೆ ಪರೀಕ್ಷೆಯಲ್ಲ. ಆಟಿ ತಿಂಗಳ ಮಳೆಯಲ್ಲಿ, ಗುಡ್ಡದ ಮರೆಯ ಮನೆಯಲ್ಲಿ, ಅಗ್ಗದ ಫೋನಿನಲ್ಲಿ ಪುಟ ಎಷ್ಟು ಹೊತ್ತಿಗೆ ತೆರೆದುಕೊಳ್ಳುತ್ತದೆ ಎಂಬುದೇ ಅಳತೆಗೋಲು. ಹಿನ್ನೆಲೆಗೂ ಅಕ್ಷರಕ್ಕೂ ನಡುವಿನ ಬೆಳಕಿನ ವ್ಯತ್ಯಾಸ 4.5ಕ್ಕೆ 1ರಷ್ಟಾದರೂ ಇರಬೇಕೆಂದು ಜಾಗತಿಕ ಸುಗಮ್ಯತಾ ಸೂತ್ರಗಳು ಹೇಳುತ್ತವೆ. ಫ್ಲೆಕ್ಸುಗಳಿಂದ ಬಂದ ಕೆಂಪಿನ ಮೇಲೆ ಹಳದಿ ಅಕ್ಷರದ ರೂಢಿಯನ್ನು ತಾಣಕ್ಕೆ ತರುವಾಗ ಇದನ್ನು ಅಳೆದು ನೋಡಬೇಕು.

ಪುಟದ ಭಾಷೆ ಯಾವುದೆಂದು ಸಂಕೇತದಲ್ಲಿ ನಮೂದಿಸುವುದೂ ಅಗತ್ಯ, ಯಾಕೆಂದರೆ ಈ ಸೀಮೆಯ ಒಂದೇ ತಾಣದಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಕನ್ನಡ ಲಿಪಿಯಲ್ಲಿಯೇ ಕಾಣಿಸಿಕೊಳ್ಳಬಹುದು. ಲಿಪಿ ಒಂದೇ ಆದರೂ ನುಡಿ ಬೇರೆಯೆಂದು ಯಂತ್ರಕ್ಕೆ ತಾನಾಗಿ ತಿಳಿಯದು. ತುಳುವಿಗೆ ಅಂತಾರಾಷ್ಟ್ರೀಯ ಸಂಕೇತ ಉಂಟು, 2016ರ ಆಗಸ್ಟಿನಿಂದ ತುಳು ವಿಕಿಪೀಡಿಯವೂ ಉಂಟು. ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರ ಪ್ರಸ್ತಾವದ ಫಲವಾಗಿ ತುಳು-ತಿಗಳಾರಿ ಲಿಪಿಯು 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡಿನ 16ನೆಯ ಆವೃತ್ತಿಯನ್ನು ಸೇರಿತು.

ಒಡೆತನ ಮತ್ತು ಕರಾರು

ತಾಣಕ್ಕೆ ಸಂಬಂಧಿಸಿದ ಜಗಳಗಳು ಸಾಮಾನ್ಯವಾಗಿ ಎರಡು ವಿಷಯಗಳಿಂದ ಹುಟ್ಟುತ್ತವೆ. ಮೊದಲನೆಯದು ಡೊಮೇನ್, ಅಂದರೆ ತಾಣದ ವಿಳಾಸ. ಅದನ್ನು ವರ್ಷಗಳ ಲೆಕ್ಕದಲ್ಲಿ ನೋಂದಾಯಿಸಿ ನವೀಕರಿಸುತ್ತಿರಬೇಕು. ಏಜೆನ್ಸಿಯು ಅದನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡಿದ್ದು ಮುಂದೆ ಸಂಬಂಧ ಕೆಟ್ಟರೆ, ಇಲ್ಲವೇ ಅಂಗಡಿ ಮುಚ್ಚಿದರೆ, ಸಂಸ್ಥೆಯು ತನ್ನ ವಿಳಾಸವನ್ನೇ ಕಳೆದುಕೊಳ್ಳುತ್ತದೆ. ಡೊಮೇನ್ ಗ್ರಾಹಕರ ಹೆಸರಿನಲ್ಲಿ, ಗ್ರಾಹಕರ ಮಿಂಚಂಚೆಯಲ್ಲಿ ಇರಬೇಕು. ಕನ್ನಡ ಲಿಪಿಯಲ್ಲಿಯೇ ಡಾಟ್ ಭಾರತ ಎಂದು ಕೊನೆಗೊಳ್ಳುವ ವಿಳಾಸಗಳೂ ಈಗ ದೊರೆಯುತ್ತವೆ.

ಎರಡನೆಯದು ಕೃತಿಸ್ವಾಮ್ಯ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಕೃತಿಯ ಮೊದಲ ಒಡೆಯರು ಅದನ್ನು ರಚಿಸಿದವರು. ನೌಕರರು ಉದ್ಯೋಗದ ಭಾಗವಾಗಿ ಮಾಡಿದ ಕೆಲಸ ಮಾಲೀಕರಿಗೆ ಸೇರುತ್ತದೆ, ಆದರೆ ಸ್ವತಂತ್ರವಾಗಿ ಕೆಲಸ ಮಾಡುವ ಡೆವಲಪರ್ ಬರೆದ ಸಂಕೇತವು ಹಣ ಸಂದಾಯವಾದ ಮಾತ್ರಕ್ಕೆ ಗ್ರಾಹಕರದಾಗುವುದಿಲ್ಲ. ಅದೇ ಕಾಯಿದೆಯ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಮತ್ತು ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೂ ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದೂ ಎಣಿಕೆಯಾಗುತ್ತದೆ. ಬೆಂಗಳೂರಿನ ಏಜೆನ್ಸಿಯು ಗ್ರಾಹಕರಿಂದ ಕೆಲಸ ಹಿಡಿದು ಬೆಳ್ತಂಗಡಿಯ ಒಬ್ಬ ಡೆವಲಪರ್‌ಗೆ ಒಳಗುತ್ತಿಗೆ ಕೊಡುವ ಪದ್ಧತಿ ಬೆಳೆದಿರುವಾಗ ಇದನ್ನೆಲ್ಲ ಸ್ಪಷ್ಟವಾಗಿ ಹೇಳುವ ಒಂದು ಹಾಳೆಯ ಕರಾರು ಮೂವರನ್ನೂ ಕಾಯುತ್ತದೆ.

ಸೇವೆ ಬುಕ್ ಮಾಡುವ ಪುಟಗಳಲ್ಲಿ ಹೆಸರು, ಫೋನ್ ಸಂಖ್ಯೆಗಳ ಜೊತೆಗೆ ಗೋತ್ರ, ನಕ್ಷತ್ರ, ರಾಶಿಗಳನ್ನೂ ಕೇಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಯಾವ ಉದ್ದೇಶಕ್ಕೆ ಕೇಳಲಾಯಿತೋ ಅದಕ್ಕೇ ಮಾಹಿತಿಯನ್ನು ಬಳಸಬೇಕೆಂದು ವಿಧಿಸುವುದರಿಂದ, ಸೇವೆ ಮುಗಿದ ಮೇಲೆ ಆ ಪಟ್ಟಿಯನ್ನು ಬೇರೆಯವರ ಜಾಹೀರಾತಿಗೆ ಕೊಡುವುದು ಸಲ್ಲದು.

ತಾಣದ ಆಯುಸ್ಸು

ಅಚ್ಚಾದ ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ನವೀಕರಿಸದ ತಾಣ ಒಂದು ದಿನ ಇಲ್ಲವಾಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಚಲಿಸುವ ತಾಣಗಳು, 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಂತ ಮೇಲೆ ತೆರೆದುಕೊಳ್ಳುತ್ತಿಲ್ಲ. ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠಾಪಿತವಾದ ಬಾಹುಬಲಿಗೆ ನಡೆಯುವ ಮಹಾಮಸ್ತಕಾಭಿಷೇಕದಂಥ, 12 ವರ್ಷಕ್ಕೊಮ್ಮೆ ಬರುವ ಉತ್ಸವಕ್ಕೆಂದು ಕಟ್ಟುವ ತಾಣವು ಮುಂದಿನ ಉತ್ಸವದವರೆಗೆ ಉಳಿಯಬೇಕಾದರೆ, ಅದರ ಡೊಮೇನಿನ ಖರ್ಚು, ಕಡತಗಳ ಪ್ರತಿ, ಗುಪ್ತಪದಗಳ ಹೊಣೆ ಯಾರದೆಂದು ಉತ್ಸವ ಸಮಿತಿ ವಿಸರ್ಜನೆಯಾಗುವ ಮುನ್ನವೇ ಬರೆದಿಡಬೇಕು.

ತಾಣಗಳಲ್ಲಿ ಇನ್ನೂ ಸೇರದೆ ಉಳಿದಿರುವ ದೊಡ್ಡ ಸಂಪತ್ತೆಂದರೆ ಊರೂರಿನ ಸ್ಮರಣ ಸಂಚಿಕೆಗಳು. ಶಾಲೆಯ ಸುವರ್ಣ ಮಹೋತ್ಸವ, ದೈವಸ್ಥಾನದ ಜೀರ್ಣೋದ್ಧಾರ, ಭಜನಾ ಮಂಡಳಿಯ ವಾರ್ಷಿಕೋತ್ಸವಗಳಿಗೆ ಬಂದ ಈ ಸಂಚಿಕೆಗಳಲ್ಲಿ ಗುತ್ತಿನ ಮನೆಗಳ ಇತಿಹಾಸ, ಹಳೆಯ ಮೇಷ್ಟರ ಹೆಸರುಗಳು, ಭೂಮಸೂದೆಯ ಕಾಲದ ನೆನಪುಗಳು, ಬೇರೆಲ್ಲೂ ದಾಖಲಾಗದ, ಪಾಡ್ದನವೆಂಬ ತುಳು ಜನಪದ ಕಥನಗೀತೆಗಳ ಪಾಠಗಳು ಇವೆ. ಅವು ಡಿಟಿಪಿ ಅಂಗಡಿಗಳ ಹಳೆಯ ಕಂಪ್ಯೂಟರುಗಳಲ್ಲಿ ಆಸ್ಕಿ ಕಡತಗಳಾಗಿ ಮಲಗಿವೆ. ಆಸ್ಕಿಯಿಂದ ಯುನಿಕೋಡಿಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿ ದೊರೆಯುತ್ತವೆ, ಒಂದು ಸಂಚಿಕೆಯನ್ನು ಪರಿವರ್ತಿಸಿ ಕರಡು ತಿದ್ದಲು ಕೆಲವೇ ದಿನಗಳ ಶ್ರಮ ಸಾಕು. ತಾಣ ಮಾಡಿಸುವ ಸಮಿತಿಗಳು ಮೊದಲ ಪುಟದ ಬಣ್ಣವನ್ನು ಚರ್ಚಿಸುವ ಮೊದಲು, ಆ ಕಡತಗಳು ಯಾರ ಬಳಿ ಇವೆಯೆಂದು ವಿಚಾರಿಸಿ, ಹಾರ್ಡ್ ಡಿಸ್ಕ್ ಗುಜರಿಗೆ ಹೋಗುವ ಮುನ್ನ ಅವನ್ನು ಕೇಳಿ ತರಿಸಿಕೊಳ್ಳಬೇಕು.